ಗುಡ್ಡದ ಮೇಲಿನ ರೇಡಿಯೋಗೆ ಎಷ್ಟು ಸೋಲಾರ್ ಬೇಕು?

ಪ್ರಶ್ನೆ: ನಮ್ಮದು ಮಲೆನಾಡಿನ ಊರು. ಫೈಬರ್ ಬಂದಿಲ್ಲ. ಎದುರಿನ ಗುಡ್ಡದ ತುದಿಯಲ್ಲಿ ತಂತಿಯಿಲ್ಲದೆ ಇಂಟರ್ನೆಟ್ ಸಾಗಿಸುವ ರೇಡಿಯೋ ಇಟ್ಟರೆ ಪೇಟೆಯಿಂದ ಇಂಟರ್ನೆಟ್ ಎಳೆಯಬಹುದು, ಆದರೆ ಅಲ್ಲಿ ಕರೆಂಟ್ ಇಲ್ಲ. ಮನೆಯಲ್ಲಿರುವ ಯುಪಿಎಸ್, 150 ಎಎಚ್ ಬ್ಯಾಟರಿ ಮತ್ತು ಒಂದು 100 ವಾಟ್ ಪ್ಯಾನೆಲ್ ಸಾಕಾಗುತ್ತದೆಯೇ?

ಫೆಬ್ರವರಿಯಲ್ಲಿ ಸಾಕಾಗುತ್ತದೆ. ಆರಿದ್ರೆ ಮಳೆ ಹಿಡಿದ ಮೇಲೆ ಸಾಕಾಗುವುದಿಲ್ಲ.

ಲೆಕ್ಕ ಹಾಕೋಣ. ಪೇಟೆಯ ಕಡೆಗೊಂದು, ಊರಿನ ಕಡೆಗೊಂದು ಸಣ್ಣ 5 ಗಿಗಾಹರ್ಟ್ಸ್ ರೇಡಿಯೋ, ಜೊತೆಗೆ ಎರಡನ್ನೂ ಜೋಡಿಸುವ ಪುಟ್ಟ ನೆಟ್‌ವರ್ಕ್ ಸ್ವಿಚ್. ಎಲ್ಲ ಸೇರಿ 15 ವಾಟ್ ಎಂದಿಟ್ಟುಕೊಳ್ಳಿ. ಇವು ಹಗಲು ರಾತ್ರಿ ಓಡುವುದರಿಂದ ದಿನಕ್ಕೆ 360 ವಾಟ್-ಅವರ್ ಬೇಕು. ಬೇಸಿಗೆಯಲ್ಲಿ ದಿನಕ್ಕೆ ಐದೂವರೆ ಗಂಟೆಯಷ್ಟು ಪೂರ್ಣ ಬಿಸಿಲು ಸಿಕ್ಕರೆ, ನಷ್ಟವೆಲ್ಲ ಕಳೆದು 100 ವಾಟ್ ಪ್ಯಾನೆಲ್ 400ರ ಆಸುಪಾಸು ಕೊಡುತ್ತದೆ. ಅಲ್ಲಿಗೆ ಸರಿಹೋಯಿತು. ಜುಲೈನಲ್ಲಿ ಮೋಡದ ಮರೆಯ ಬೆಳಕೆಲ್ಲ ಕೂಡಿಸಿದರೂ ಎರಡು ಗಂಟೆಯ ಬಿಸಿಲಿಗೆ ಸಮನಾದರೆ ಪುಣ್ಯ. ಆಗ ಅದೇ ಪ್ಯಾನೆಲ್ ಕೊಡುವುದು 150. ದಿನಕ್ಕೆ 210 ಕೊರತೆ.

ಆ ಕೊರತೆ ತುಂಬುವುದು ಬ್ಯಾಟರಿ. 12 ವೋಲ್ಟ್, 150 ಎಎಚ್ ಅಂದರೆ 1800 ವಾಟ್-ಅವರ್. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ. ಕೈಗೆ ಸಿಗುವುದು 900, ಅಂದರೆ ನಾಲ್ಕು ದಿನ. ಐದನೇ ದಿನ ರೇಡಿಯೋ ಬಂದ್.

ಇಲ್ಲಿ ಹೆಚ್ಚಿನವರು ಇನ್ನೊಂದು ಬ್ಯಾಟರಿ ತರುತ್ತಾರೆ. ಅದರಿಂದ ನಾಲ್ಕು ದಿನ ಎಂಟಾಗುತ್ತದೆ, ಅಷ್ಟೆ. ಮಳೆಗಾಲ ಮೂರು ತಿಂಗಳು. ಗದ್ದೆ ಚಿಕ್ಕದಿದ್ದು ಕಣಜ ಎಷ್ಟು ದೊಡ್ಡದಾದರೇನು? ಸಾಲದ್ದಕ್ಕೆ, ವಾರಗಟ್ಟಲೆ ಪೂರ್ತಿ ಚಾರ್ಜ್ ಆಗದೆ ಕುಳಿತ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ದೀಪಾವಳಿಗೆ ಬಿಸಿಲು ಬಂದಾಗ ಬ್ಯಾಟರಿಯ ಹಳೆಯ ಕಸುವು ಇರುವುದಿಲ್ಲ. ಹಾಗಾಗಿ ದುಡ್ಡನ್ನು ಪ್ಯಾನೆಲ್ಲಿಗೆ ಹಾಕಿ. 300 ವಾಟ್ ಇದ್ದರೆ ಅದೇ ಮಂಕು ಬೆಳಕಿನಲ್ಲಿ 450 ಸಿಗುತ್ತದೆ: ದಿನದ ಖರ್ಚು ಕಳೆದು ಒಂದಿಷ್ಟು ಬ್ಯಾಟರಿಗೂ ಉಳಿಯುತ್ತದೆ. ಪೂರ್ತಿ ಕತ್ತಲು ಕವಿದ ದಿನಗಳಿಗೆ ನಿಮ್ಮ 150 ಎಎಚ್ ಸಾಕು. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರ್ 30 ಆಂಪಿನ ಎಂಪಿಪಿಟಿ (ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ಹೊಂದುವಂತೆ ಬದಲಿಸಿ ಕೊಡುವ ಬಗೆ) ಇರಲಿ. ಇಷ್ಟು ದೊಡ್ಡ ಪ್ಯಾನೆಲ್ಲಿನ ವೋಲ್ಟೇಜ್ ಸಾಮಾನ್ಯವಾಗಿ ಬ್ಯಾಟರಿಯದಕ್ಕಿಂತ ಬಹಳ ಹೆಚ್ಚು; ಅಗ್ಗದ ಪಿಡಬ್ಲ್ಯೂಎಂ ಬಗೆಯ ಕಂಟ್ರೋಲರ್ ಆ ಹೆಚ್ಚಿನದನ್ನು ಹಾಳು ಮಾಡುತ್ತದೆ.

ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಕಡಿದಾಗಿ ನಿಲ್ಲಿಸಬೇಡಿ. ಆಗುಂಬೆಯ ಅಕ್ಷಾಂಶ ಹದಿಮೂರೂವರೆ ಡಿಗ್ರಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ! ಮೋಡದ ದಿನಗಳಲ್ಲಂತೂ ಬೆಳಕು ಇಡೀ ಆಕಾಶದಿಂದ ಬರುವುದರಿಂದ ಮಲಗಿದಷ್ಟೂ ಒಳ್ಳೆಯದು. ನೀರು ಜಾರಿ ಹೋಗಲು, ಪಾಚಿ ಕಟ್ಟದಿರಲು ಹತ್ತು-ಹದಿನೈದು ಡಿಗ್ರಿ ಓರೆ ಸಾಕು.

ಯುಪಿಎಸ್ ಮಾತ್ರ ಮನೆಯಲ್ಲೇ ಇರಲಿ. 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರಿನಿಂದ ಮತ್ತೆ ರೇಡಿಯೋಗೆ ಬೇಕಾದ 24ಕ್ಕೆ ಇಳಿಸುವುದು ಶುದ್ಧ ದಂಡ. ಇನ್ವರ್ಟರ್ ಸುಮ್ಮನೆ ಆನ್ ಆಗಿರಲಿಕ್ಕೇ 10-15 ವಾಟ್ ನುಂಗಬಹುದು, ಅಂದರೆ ನಿಮ್ಮ ರೇಡಿಯೋಗಳ ಖರ್ಚಿನಷ್ಟೇ. ಬ್ಯಾಟರಿಯಿಂದ ನೇರ 24 ವೋಲ್ಟಿಗೆ ಏರಿಸುವ ಡಿಸಿ ಕನ್ವರ್ಟರ್ ಅಂಗೈಯಗಲ ಇರುತ್ತದೆ, ಅದನ್ನು ಹಾಕಿ.

ಮುಂದೆ ಬ್ಯಾಟರಿ ಬದಲಿಸುವ ಕಾಲ ಬಂದಾಗ ಲಿಥಿಯಂ ಐರನ್ ಫಾಸ್ಫೇಟ್ ನೋಡಿ. ಬೆಲೆ ಜಾಸ್ತಿ, ಆದರೆ ಅರೆಬರೆ ಚಾರ್ಜಿಗೆ ಅದು ಕೆಡುವುದಿಲ್ಲ, ಡಿಸ್ಟಿಲ್ಡ್ ವಾಟರ್ ಹಿಡಿದು ಗುಡ್ಡ ಹತ್ತುವ ಕೆಲಸವೂ ಇಲ್ಲ.

ಗುಡ್ಡದ ತುದಿ ಎಂದ ಮೇಲೆ ಸಿಡಿಲಿನ ಭಯ ಇದ್ದೇ ಇದೆ, ಅದರಲ್ಲೂ ಏಪ್ರಿಲ್-ಮೇ ಗುಡುಗು ಮಳೆಯಲ್ಲಿ. ಕಂಬಕ್ಕೆ ಅರ್ಥಿಂಗ್, ಈಥರ್ನೆಟ್ ತಂತಿಗೆ ಸರ್ಜ್ ಅರೆಸ್ಟರ್ (ಸಿಡಿಲಿನ ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಸಾಧನ) ಬೇಕೇ ಬೇಕು. ಆ ತಿಂಗಳುಗಳಲ್ಲಿ ಜಂಬಿಟ್ಟಿಗೆಯ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗಿರುವುದರಿಂದ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯಿರಿ. ತಂತಿಗಳು ಕಬ್ಬಿಣದ ಪೈಪಿನೊಳಗಿರಲಿ, ಮಂಗಗಳಿಗೆ ಕಪ್ಪು ಕೇಬಲ್ ಕಂಡರೆ ಎಳೆಯದೆ ಸಮಾಧಾನವಿಲ್ಲ. ಜಾಗ ಅರಣ್ಯ ಇಲಾಖೆಯದ್ದಾದರೆ ಕಂಬ ನೆಡುವ ಮೊದಲೇ ಅನುಮತಿ ಕೇಳಿ.