ಶ್ರವಣ ಸಾಧನ ಒದ್ದೆಯಾದರೆ ಅಕ್ಕಿ ಡಬ್ಬದ ಕಡೆ ಓಡಬೇಡಿ

ಕಿವಿಯಲ್ಲಿ ಹಿಯರಿಂಗ್ ಏಡ್ ಇರುವುದನ್ನು ಮರೆತು ತಲೆಗೆ ನೀರು ಸುರಿದುಕೊಂಡರೆ ಸಿಗುವ ಮೊದಲ ಸಲಹೆ 'ಅಕ್ಕಿಯಲ್ಲಿ ಹೂತಿಡಿ' ಎಂಬುದು. ಮೊಬೈಲಿನ ಕಾಲದಲ್ಲಿ ಬೇರುಬಿಟ್ಟ ಈ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಸೂಕ್ಷ್ಮ ಸಂದುಗಳಲ್ಲಿ ಕೂತ ತೇವವನ್ನು ಹೊರಗೆಳೆಯುವಷ್ಟು ಕಸುವು ಅಕ್ಕಿಗಿಲ್ಲ. ಬದಲಿಗೆ ಅದರ ಹಿಟ್ಟು ಮೈಕ್ರೊಫೋನಿನ ಒದ್ದೆ ರಂಧ್ರಕ್ಕೆ ಮೆತ್ತಿಕೊಳ್ಳುತ್ತದೆ. ಹಾಗಿದ್ದೂ ಸಾಧನ ಬದುಕಿದರೆ ಹೆಸರು ಮಾತ್ರ ಅಕ್ಕಿಗೆ!

ನಿಜಕ್ಕೂ ಅದನ್ನು ಉಳಿಸಿದ್ದು ಅದರ ಕಟ್ಟೋಣ. ಈಗಿನ ಹಲವು ಸಾಧನಗಳಿಗೆ ಐಪಿ68 ದರ್ಜೆ ಇರುತ್ತದೆ. ಧೂಳು, ನೀರು ಒಳಹೊಗದಂತೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಇದು. 6 ಧೂಳಿಗೆ, 8 ನೀರಿಗೆ. ಕೊನೆಯ ಅಂಕಿ 7 ಇದ್ದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ತಡೆಯಬೇಕು. 8 ಅದಕ್ಕಿಂತ ಕಠಿಣ, ಎಷ್ಟು ಎಂಬುದನ್ನು ತಯಾರಕರೇ ಹೇಳಬೇಕು. ಸಿಂಕಿಗೆ ಬಿದ್ದು ತಕ್ಷಣ ಮೇಲೆ ಬಂದ ಸಾಧನ ಸಾಮಾನ್ಯವಾಗಿ ಕೆಲಸ ಮಾಡುವುದು ಇದರಿಂದಲೇ.

ಸ್ವಾರಸ್ಯ ಇರುವುದು ಇಲ್ಲಿ. ಶ್ರವಣ ಸಾಧನವನ್ನು ಪೂರ್ತಿ ಮುಚ್ಚಿ ಮೊಹರು ಮಾಡುವ ಹಾಗಿಲ್ಲ. ಮೈಕ್ರೊಫೋನಿಗೆ ಶಬ್ದ ಬರಲು ದಾರಿ ಬೇಕು. ಜಿಂಕ್-ಏರ್ ಬ್ಯಾಟರಿಯಂತೂ ಉಸಿರಾಡುತ್ತದೆ: ಸತು ಗಾಳಿಯ ಆಮ್ಲಜನಕದೊಂದಿಗೆ ಕೂಡಿದಾಗಲೇ ಅದರಲ್ಲಿ ವಿದ್ಯುತ್ ಹುಟ್ಟುವುದು. ಆದ್ದರಿಂದ ಬಾಗಿಲು ತೆರೆದೇ ಇಟ್ಟು ನೀರನ್ನು ಮಾತ್ರ ತಡೆಯಬೇಕು. ಅದಕ್ಕಾಗಿ ನೀರನ್ನು ಒಲ್ಲದ ಲೇಪನ, ಅತಿಸಣ್ಣ ರಂಧ್ರಗಳ ಪೊರೆ. ತಾವರೆ ಎಲೆಯ ಮೇಲಿನಂತೆ ನೀರು ಅಲ್ಲಿ ಹನಿಗಟ್ಟಿ ನಿಲ್ಲುತ್ತದೆ. ಹನಿಯನ್ನು ಬಿಗಿಯಾಗಿ ಹಿಡಿದಿಡುವ ತನ್ನದೇ ಮೇಲ್ಮೈ ಎಳೆತದಿಂದಾಗಿ ರಂಧ್ರದೊಳಗೆ ನುಗ್ಗಲಾರದು.

ಈಗ ಆ ನೀರಿಗೆ ಸೋಪು ಬೆರೆಸಿ. ಮೇಲ್ಮೈ ಎಳೆತ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಪೊರೆ ನೆನೆಯುತ್ತದೆ, ಕಾವಲು ಸಡಿಲವಾಗುತ್ತದೆ. ಐಪಿ ಪರೀಕ್ಷೆ ನಡೆಯುವುದು ಬರೀ ನೀರಿನಲ್ಲಿ. ಹಾಗಾಗಿ ಜೇಬಿನಲ್ಲುಳಿದು ವಾಷಿಂಗ್ ಮಷೀನಿಗೆ ಹೋದ ಸಾಧನಕ್ಕೆ ಆ ಅಂಕಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇನ್ನೂ ವಿಚಿತ್ರವೆಂದರೆ ಹಬೆ. ಗಾಳಿ ನುಸುಳುವ ಪೊರೆಯಲ್ಲಿ ನೀರಾವಿಯೂ ನುಸುಳುತ್ತದೆ, ಒಳಗೆ ತಣ್ಣಗಾಗಿ ಹನಿಯಾಗುತ್ತದೆ. ಬಕೆಟ್ಟಿನಲ್ಲಿ ಮುಳುಗಿ ಗೆದ್ದದ್ದು ದಿನಾ ಬಚ್ಚಲಿನ ಹಬೆಯಲ್ಲಿ ಕೂತು ಸೋಲುವುದು ಹೀಗೆ.

ಬೆವರಿನದು ಹಳೆಯ ಹಗೆ. 1947ರಲ್ಲಿ ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ, ವಿದ್ಯುತ್ ಸಂಕೇತವನ್ನು ಹಿಗ್ಗಿಸುವ ಪುಟ್ಟ ಬಿಡಿಭಾಗ ಟ್ರಾನ್ಸಿಸ್ಟರ್ ಜನರ ಕೈಗೆ ಮೊದಲು ಬಂದದ್ದು ರೇಡಿಯೊ ಮೂಲಕವಲ್ಲ, 1952–53ರ ಶ್ರವಣ ಸಾಧನಗಳ ಮೂಲಕ. (ಕಿವುಡರ ಶಿಕ್ಷಣಕ್ಕೆ ದುಡಿದ ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ನೆನಪಿಗೆ ಕಂಪನಿಯವರು ಈ ಬಳಕೆಗೆ ರಾಯಧನವನ್ನೇ ಬಿಟ್ಟುಕೊಟ್ಟರು.) ಆ ಮೊದಲ ಟ್ರಾನ್ಸಿಸ್ಟರ್‌ಗಳನ್ನು ಕಾಡಿದ್ದೂ ಮೈಯ ತೇವವೇ.

ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಒಯ್ಯದು. ಬೆವರಿನಲ್ಲಿರುವಂತೆ ಉಪ್ಪು ಸೇರಿದರೆ ಕಥೆ ಬೇರೆ. ಬ್ಯಾಟರಿ ಒಳಗಿದ್ದಷ್ಟು ಹೊತ್ತೂ ಒಂದು ತುದಿಯ ಲೋಹ ಕರಗಿ, ನೀರಲ್ಲಿ ಸಾಗಿ, ಇನ್ನೊಂದು ತುದಿಯಲ್ಲಿ ಕವಲೊಡೆದು ಬೆಳೆಯುತ್ತದೆ. ಎರಡೂ ತುದಿ ಕೂಡಿದಾಗ ಶಾರ್ಟ್. ಬ್ಯಾಟರಿ ಬಾಗಿಲಲ್ಲಿ ಕಾಣುವ ಹಸಿರು ಕಿಲುಬು ಈ ಬಗೆಯ ಸವೆತದ್ದೇ ಗುರುತು.

ಆದ್ದರಿಂದ ಮೊದಲು ಬ್ಯಾಟರಿ ತೆಗೆಯಿರಿ. ರೀಚಾರ್ಜ್ ಆಗುವ ಮಾದರಿಯಾದರೆ ಆಫ್ ಮಾಡಿ. ಒಣಗುವ ತನಕ ಚಾರ್ಜಿಗೆ ಇಡಬೇಡಿ. ಒದ್ದೆಯಾದ ಜಿಂಕ್-ಏರ್ ಬ್ಯಾಟರಿ ಮತ್ತೆ ಬೇಡ. ನೀರೊರೆಸಿ, ಬಾಗಿಲು ತೆರೆದಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿರುವ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಬಿಡಿ. ಆ ಹರಳುಗಳ ಒಂದು ಗ್ರಾಮಿನ ಒಳಮೈಯೇ ನೂರಾರು ಚದರ ಮೀಟರ್. ಹೇರ್ ಡ್ರೈಯರ್, ಓವನ್ ಹತ್ತಿರವೂ ಒಯ್ಯಬೇಡಿ, ಅಂಟು ಬಿಡುತ್ತದೆ.

ಒಣಗಿದ ಮೇಲೂ ಧ್ವನಿ ಕ್ಷೀಣವಾಗಿದ್ದರೆ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಸಲ ಗುಗ್ಗೆ ತಡೆಯುವ ಪುಟ್ಟ ಜರಡಿಯಲ್ಲಿ ಒಂದು ಹನಿ ಸಿಕ್ಕಿಕೊಂಡಿರುತ್ತದೆ, ಅದನ್ನು ಬದಲಿಸಿದರೆ ಮುಗಿಯಿತು. ಗರಗರ ಸದ್ದು ಹೋಗದಿದ್ದರೆ ಆಡಿಯಾಲಜಿಸ್ಟರಿಗೆ (ಶ್ರವಣ ತಜ್ಞರಿಗೆ) ತೋರಿಸಿ. ರಿಸೀವರ್ (ಧ್ವನಿ ಹೊರಡಿಸುವ ಪುಟ್ಟ ಸ್ಪೀಕರ್) ಕಿವಿಯೊಳಗೆ ಕೂರುವ ಮಾದರಿಗಳಲ್ಲಿ ಅದೊಂದನ್ನೇ ಬದಲಿಸಬಹುದು.