ಗೂಡಿನ ದಾರ, ಎದೆಯ ದಮ್ಮು: ರೇಷ್ಮೆ ಪ್ರೋಟೀನಿನ ಹಿನ್ನೆಲೆ

ಶಿಡ್ಲಘಟ್ಟದ ರೀಲಿಂಗ್ ಶೆಡ್ಡಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಗೂಡು ಬೇಯುವ ವಾಸನೆ. ಆಮೇಲೆ ಮುಖಕ್ಕೆ ಆವಿ. ಬೇಸಿನ್ ಮುಂದೆ ಕೂತ ಹೆಣ್ಣುಮಗಳು ಬಿಸಿನೀರಿನಲ್ಲಿ ತೇಲುವ ಗೂಡುಗಳಿಗೆ ಕೈಹಾಕಿ ಎಳೆಯ ತುದಿ ಹುಡುಕುತ್ತಾಳೆ. ಕಣ್ಣಿಗೆ ಕಾಣುವುದೇ ಕಷ್ಟ, ಅಷ್ಟು ಸಣ್ಣ ಎಳೆ. ಹಲವು ಗೂಡಿನ ಎಳೆ ಸೇರಿದರೆ ಒಂದು ದಾರ. ಎಳೆ ಮುಗಿದ ಗೂಡಿನೊಳಗೆ ಬೆಂದ ಹುಳು ಕಂದುಬಣ್ಣಕ್ಕೆ ಕಾಣುತ್ತದೆ. ಅದನ್ನು ಎತ್ತಿ ಪಕ್ಕಕ್ಕೆ ಹಾಕಿ, ಇನ್ನೊಂದು ಗೂಡಿನ ತುದಿ ಸೇರಿಸುತ್ತಾಳೆ. ದಿನವಿಡೀ ನೀರಿನಲ್ಲಿದ್ದ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಕೆಲವರಿಗೆ ಚರ್ಮವೇ ಬಿರಿದಿರುತ್ತದೆ.

ಅವಳು ಎಳೆಯುತ್ತಿರುವ ದಾರ ಪ್ರೋಟೀನ್. ದಾರಕ್ಕೆ ಮೆತ್ತಿಕೊಂಡ ಅಂಟೂ ಪ್ರೋಟೀನ್. ಪ್ರೋಟೀನ್ ಅಂದ ಕೂಡಲೇ ನಮಗೆ ಮೊಟ್ಟೆ, ಅವರೆಕಾಳು, ಜಿಮ್ ಹುಡುಗರ ಡಬ್ಬ ನೆನಪಾಗುತ್ತವೆ, ಅಲ್ವಾ? ರೇಷ್ಮೆಯನ್ನು ಆ ಸಾಲಿಗೆ ಯಾರೂ ಸೇರಿಸುವುದಿಲ್ಲ. ಆದರೆ ಆಪರೇಷನ್ನಿನ ಹೊಲಿಗೆ, ಕೆಲವು ಲಸಿಕೆ, ಒಂದು ಬಗೆಯ ಆಸ್ತಮಾ, ಮೂರಕ್ಕೂ ಹುಳುಗಳ ಈ ಲೋಕದ ನಂಟಿದೆ. ಮೊದಲೆರಡು ದೇಶದೇಶ ಸುತ್ತಿ ಬೆಳೆದವು. ಮೂರನೆಯದು, ಬೇಸಿನ್ ಮುಂದೆ ಕೂತವರ ಉಸಿರಿನ ವಿಷಯ, ಬೇಕಾದಷ್ಟು ಬೆಳೆಯಲಿಲ್ಲ. ಈ ಲೇಖನ ಬರೆಯಲು ಕಾರಣ ಅದೇ.

ನಮ್ಮ ಕಡೆ ಹುಳು ಸಾಕಿದವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಹುಳು ನಾಲ್ಕು ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತ, ದಾಟುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅದರ ಹಸಿವು ಹೇಳತೀರದು. ಇಡೀ ಜೀವಮಾನದ ಸೊಪ್ಪಿನಲ್ಲಿ ಬಹುಪಾಲು ತಿನ್ನುವುದು ಆ ಒಂದು ವಾರದಲ್ಲೇ. ಹಿಪ್ಪುನೇರಳೆ ಸೊಪ್ಪಿನಲ್ಲಿರುವ ಪ್ರೋಟೀನನ್ನು ಒಡೆದು, ಬಂದ ಅಮೈನೋ ಆಮ್ಲಗಳನ್ನು ಮತ್ತೆ ತನ್ನ ಲೆಕ್ಕದಲ್ಲಿ ಜೋಡಿಸಿ, ಎರಡು ಉದ್ದನೆಯ ಗ್ರಂಥಿಗಳಲ್ಲಿ ದ್ರವವಾಗಿ ತುಂಬಿಟ್ಟುಕೊಳ್ಳುತ್ತದೆ. ಹಣ್ಣಾದ ಹುಳು ಚಂದ್ರಂಕಿ (ಗೂಡು ಕಟ್ಟಲು ಇಡುವ ಬಿದಿರಿನ ತಟ್ಟಿ) ಏರಿ ಎರಡು ಮೂರು ದಿನದಲ್ಲಿ ಅದನ್ನು ಎಳೆಯಾಗಿ ಬಿಡುತ್ತದೆ. ಎಳೆಯ ಒಳತಿರುಳು ಫೈಬ್ರಾಯಿನ್, ಸುಮಾರು ಮುಕ್ಕಾಲು ಪಾಲು. ಉಳಿದ ಕಾಲುಪಾಲು ಹೊರಗಿನ ಅಂಟು, ಸೆರಿಸಿನ್.

ವಿಜ್ಞಾನಿಗಳ ಕಣ್ಣು ಈ ಅಂಟಿನ ಮೇಲೂ ಬಿತ್ತು. 1865ರಲ್ಲಿ ಎಮಿಲ್ ಕ್ರಾಮರ್ ಎಂಬ ರಸಾಯನಶಾಸ್ತ್ರಜ್ಞ ಸೆರಿಸಿನ್‌ನಿಂದ ಒಂದು ಹೊಸ ಅಮೈನೋ ಆಮ್ಲ ಬೇರ್ಪಡಿಸಿದ. ಅದೇ ಸೀರಿನ್. ಇವತ್ತು ನಮ್ಮ ಮೈಯ ಲೆಕ್ಕವಿಲ್ಲದಷ್ಟು ಪ್ರೋಟೀನುಗಳಲ್ಲಿ ಸೀರಿನ್ ಇದೆ ಎಂದು ಗೊತ್ತು. ಆದರೆ ಅದು ಮನುಷ್ಯನ ಕೈಗೆ ಮೊದಲು ಸಿಕ್ಕಿದ್ದು ಗೂಡಿನ ಅಂಟಿನಲ್ಲಿ. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ರೇಷ್ಮೆಹುಳುವಿನ ಗಂಟುರೋಗದ ಬೆನ್ನುಹತ್ತಿದ್ದರು. ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂಬ ತಿಳಿವಳಿಕೆ ಗಟ್ಟಿಯಾಗಲು ಆ ಕೆಲಸ ದೊಡ್ಡ ಆಸರೆಯಾಯಿತು. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಇದೆಯಲ್ಲ, ಅದು ಅವರಿಂದ ಬಂದದ್ದು.

ಫೈಬ್ರಾಯಿನ್‌ನ ಗುಟ್ಟು ಬಿಡಿಸಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು. 1955ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಜೊತೆಗಾರರು ಅದರ ರಚನೆ ಮುಂದಿಟ್ಟರು. ಅದರಲ್ಲಿರುವುದು ಹೆಚ್ಚಾಗಿ ಗ್ಲೈಸಿನ್, ಅಲನಿನ್, ಸೀರಿನ್. ಮೂರೂ ಸಣ್ಣ ಗಾತ್ರದವು. ಹಾಗಾಗಿ ಸರಪಳಿಗಳು ಅಕ್ಕಪಕ್ಕ ಒತ್ತಾಗಿ ಮಲಗಿ ಹಾಳೆಯಾಗುತ್ತವೆ, ಹಾಳೆಗಳು ಇಸ್ತ್ರಿ ಮಾಡಿ ಪೇರಿಸಿಟ್ಟ ಸೀರೆಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ. ರೇಷ್ಮೆಯ ಬಲ ಇರುವುದು ಅಲ್ಲಿ.

ಈ ಹಾಳೆಯ ಕಟ್ಟು ಬೇರೆ ಕಡೆಯೂ ಸಿಕ್ಕಿತು, ಅದೂ ಒಳ್ಳೆಯ ಸುದ್ದಿಯಾಗಿ ಅಲ್ಲ. ಕೆಲವು ರೋಗಿಗಳ ಅಂಗಾಂಗಗಳಲ್ಲಿ ಅಮೈಲಾಯ್ಡ್ ಎಂಬ ಗಟ್ಟಿ ಎಳೆಗಳು ಸೇರಿಕೊಳ್ಳುತ್ತವೆ. 1968ರಲ್ಲಿ ಅವುಗಳಿಗೆ ಎಕ್ಸ್-ರೇ ಹಾಯಿಸಿ ನೋಡಿದಾಗ ಒಳಗೆ ಕಂಡದ್ದು ಹಾಳೆ ಹಾಳೆಯಾದ ಜೋಡಣೆ. ಅಲ್ಜೈಮರ್ಸ್ ಆದವರ ಮೆದುಳಿನಲ್ಲಿ ಗಂಟುಕಟ್ಟುವ ಪ್ರೋಟೀನ್ ಕೂಡ ಇದೇ ಬಗೆಯದು. ರೇಷ್ಮೆಯಲ್ಲಿ ಬಲ ಕೊಡುವ ಜೋಡಣೆ, ಆಗಬಾರದ ಕಡೆ ಆದರೆ ರೋಗ.

ಇನ್ನು ಹೊಲಿಗೆಯ ಕಥೆ. ಆಪರೇಷನ್ ಆದವರಿಗೆ ಕಪ್ಪು ದಾರದ ಹೊಲಿಗೆ ನೆನಪಿರಬಹುದು. ಎಷ್ಟೋ ಸಲ ಅದು ರೇಷ್ಮೆಯೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಕರ್, ಆಮೇಲೆ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಪ್ರಾಣಿಗಳ ಕರುಳಿನ ದಾರ ಬಿಟ್ಟು ರೇಷ್ಮೆಯೇ ಮೇಲು ಎಂದರು. ಗಂಟು ಜಾರುವುದಿಲ್ಲ, ಕೈಗೆ ಮೃದು. ಆದರೆ ಅಂಟು ತೆಗೆಯದ ಹಸಿ ರೇಷ್ಮೆ ಬಳಸಿದ ಕಡೆ ಕೆಲವರಿಗೆ ಅಲರ್ಜಿಯಾಯಿತು. ದೂರು ಬಂದದ್ದು ಸೆರಿಸಿನ್ ಮೇಲೆ. ಆಮೇಲೆ ಅಂಟು ತೆಗೆದ ರೇಷ್ಮೆಯೇ ರೂಢಿಯಾಯಿತು. ಕಳೆದ ಮೂರು ದಶಕಗಳಲ್ಲಿ ಫೈಬ್ರಾಯಿನನ್ನು ಕರಗಿಸಿ ಹಾಳೆ, ಸ್ಪಂಜು, ಜೆಲ್ ಮಾಡುವ ಕೆಲಸ ಜೋರಾಗಿದೆ. ಗಾಯದ ಮೇಲೆ ಹಾಕಲು, ಮೂಳೆ ಮತ್ತು ಮೃದ್ವಸ್ಥಿಯ ಜೀವಕೋಶ ಬೆಳೆಯಲು ಆಸರೆಯಾಗಿ ಅದನ್ನು ಬಳಸುತ್ತಾರೆ. ಮೈ ಅದನ್ನು ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಹಾಲುತೊಂಡೆ ರೋಗದ ಕಥೆ. ಮನೆಯಲ್ಲಿ ಹುಳು ಇಟ್ಟವರಿಗೆ ಆ ಹೆಸರು ಕೇಳಿದರೇ ಎದೆ ಧಸಕ್ ಅನ್ನುತ್ತದೆ. ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿಯುತ್ತದೆ. ಗೆಣ್ಣುಗಳ ನಡುವೆ ಊದಿ, ಚರ್ಮ ಮಿರಮಿರ ಹೊಳೆಯುತ್ತದೆ. ಮುಟ್ಟಿದರೆ ಒಡೆದು ಹಾಲಿನಂಥ ನೀರು ಸೋರುತ್ತದೆ. ಆ ನೀರು ಬಿದ್ದ ಸೊಪ್ಪನ್ನು ತಿಂದ ಹುಳುವಿನ ಕಥೆಯೂ ಮುಗಿದಂತೆ. ಸಾಲ ಮಾಡಿ ಚಾಕಿ (ಎಳೆಯ ಹುಳು) ತಂದವರ ಬೆಳೆ ಎರಡು ಮೂರು ದಿನದಲ್ಲಿ ಗುಂಡಿ ಸೇರುತ್ತದೆ.

ಆ ಹಾಲು ಬಿಳಿಯಾಗಿ ಕಾಣುವುದು ಅದರಲ್ಲಿರುವ ಲಕ್ಷಾಂತರ ಸಣ್ಣ ಹರಳುಗಳಿಂದ. 1947ರಲ್ಲಿ ಬರ್ಗೋಲ್ಡ್ ಎಂಬ ವಿಜ್ಞಾನಿ ಆ ಹರಳುಗಳೊಳಗೆ ಕಡ್ಡಿಯಾಕಾರದ ವೈರಸ್ ಇರುವುದನ್ನು ತೋರಿಸಿದರು. ಹರಳು ಆಗಿರುವುದು ಮುಖ್ಯವಾಗಿ ಒಂದೇ ಒಂದು ಪ್ರೋಟೀನಿನಿಂದ, ಪಾಲಿಹೆಡ್ರಿನ್. ವೈರಸ್ ತನ್ನ ರಕ್ಷಣೆಗೆ ಹುಳುವಿನ ಜೀವಕೋಶದ ಕೈಯಲ್ಲಿ ಅದನ್ನು ರಾಶಿಗಟ್ಟಲೆ ಮಾಡಿಸುತ್ತದೆ. ಹುಳು ಸಾಯುವ ಹೊತ್ತಿಗೆ ಅದರ ಮೈ ತುಂಬಾ ಇದೇ.

ಇಷ್ಟು ಜೋರಾಗಿ ಪ್ರೋಟೀನ್ ಮಾಡಿಸುವ ವೈರಸ್ಸಿನ ಕೈಯಲ್ಲಿ ನಮಗೆ ಬೇಕಾದದ್ದನ್ನೇ ಮಾಡಿಸಿದರೆ? 1983ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಮಿತ್, ಸಮ್ಮರ್ಸ್, ಫ್ರೇಸರ್ ಹಾಗೇ ಮಾಡಿದರು. ಹಾಲುತೊಂಡೆ ವೈರಸ್ಸಿನ ಕುಲದ್ದೇ ಆದ, ಇನ್ನೊಂದು ಪತಂಗದ ವೈರಸ್ ತೆಗೆದುಕೊಂಡು ಪಾಲಿಹೆಡ್ರಿನ್ ಜೀನ್ ಇದ್ದ ಜಾಗದಲ್ಲಿ ಮನುಷ್ಯರ ಇಂಟರ್‌ಫೆರಾನ್ (ವೈರಸ್ ವಿರುದ್ಧ ಹೋರಾಡಲು ಮೈ ತಯಾರಿಸುವ ಪ್ರೋಟೀನ್) ಜೀನ್ ಕೂರಿಸಿದರು. ಎರಡೇ ವರ್ಷದಲ್ಲಿ, 1985ಕ್ಕೆ, ಜಪಾನಿನಲ್ಲಿ ಮಯೆಡಾ ಮತ್ತು ಜೊತೆಗಾರರು ಸಾಕ್ಷಾತ್ ಹಾಲುತೊಂಡೆ ವೈರಸ್ಸನ್ನೇ ಬಳಸಿ, ಜೀವಂತ ರೇಷ್ಮೆಹುಳುವಿನಲ್ಲಿ ಮನುಷ್ಯರ ಇಂಟರ್‌ಫೆರಾನ್ ತಯಾರಿಸಿ ತೋರಿಸಿದರು. ಆಮೇಲೆ ಜಪಾನಿನಲ್ಲಿ ಹುಳುವಿನಿಂದ ಬೆಕ್ಕುಗಳಿಗೆ ಔಷಧಿಯೂ ಬಂತು.

ದೊಡ್ಡ ಫಲ ಲಸಿಕೆಯಲ್ಲಿ ಸಿಕ್ಕಿತು. ಗರ್ಭಕಂಠದ ಕ್ಯಾನ್ಸರ್ ತಡೆಯಲು 2007ರಲ್ಲಿ ಬಂದ ಸರ್ವಾರಿಕ್ಸ್ ಲಸಿಕೆಯ ಪ್ರೋಟೀನ್ ತಯಾರಾದದ್ದು ಪತಂಗದ ಜೀವಕೋಶಗಳಲ್ಲಿ, ಇದೇ ಕುಲದ ವೈರಸ್ಸಿನ ಸಹಾಯದಿಂದ. ಕೊರೊನಾ ಕಾಲದಲ್ಲಿ, 2021ರ ಡಿಸೆಂಬರಿನಲ್ಲಿ, ಭಾರತ ಅನುಮತಿ ಕೊಟ್ಟ ಕೊವೊವ್ಯಾಕ್ಸ್ ಕೂಡ ಹಾಗೆಯೇ. ಅದಕ್ಕೆ ಬಳಸಿದ ಜೀವಕೋಶಗಳು ಯಾವ ಕೀಟದವು ಗೊತ್ತಾ? ಫಾಲ್ ಸೈನಿಕ ಹುಳುವಿನವು. 2018ರಲ್ಲಿ ಭಾರತದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಾಣಿಸಿಕೊಂಡು, ಆಮೇಲೆ ರಾಜ್ಯದ ಮುಸುಕಿನ ಜೋಳಕ್ಕೆಲ್ಲ ಹಬ್ಬಿದ ಅದೇ ಹುಳು. ರೈತ ಶಾಪ ಹಾಕುವ ಕೀಟದ ಜೀವಕೋಶ, ರೈತ ಹೆದರುವ ರೋಗದ ಕುಲದ ವೈರಸ್, ಎರಡೂ ಸೇರಿ ಒಂದು ಲಸಿಕೆ.

ಇನ್ನೊಂದು ನಂಟು ನಿಮ್ಮ ಮನೆಯ ಮಾತ್ರೆ ಡಬ್ಬದಲ್ಲೇ ಇರಬಹುದು. ಹಲ್ಲು ಕೀಳಿಸಿದಾಗ, ಕಾಲು ಉಳುಕಿದಾಗ ನೋವಿನ ಮಾತ್ರೆ ಜೊತೆ ಸೆರಾಟಿಯೋಪೆಪ್ಟಿಡೇಸ್ ಸೇರಿಸಿ ಬರೆಯುತ್ತಾರಲ್ಲ, ಅದು ಮೊದಲು ಸಿಕ್ಕಿದ್ದು ಜಪಾನಿನಲ್ಲಿ, ರೇಷ್ಮೆಹುಳುವಿನ ಕರುಳಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಅದೂ ಪ್ರೋಟೀನೇ. ಊತ ಇಳಿಸುತ್ತದೆ ಎನ್ನುವುದಕ್ಕೆ ಪುರಾವೆ ತೆಳು. ಅದನ್ನು ತಂದ ಜಪಾನಿನ ಕಂಪನಿಯೇ 2011ರಲ್ಲಿ ಮಾರುಕಟ್ಟೆಯಿಂದ ಹಿಂದೆ ತೆಗೆದುಕೊಂಡಿತು. ನಮ್ಮಲ್ಲಿ ಇನ್ನೂ ಮಾರಾಟವಾಗುತ್ತಿದೆ. ಸುಮ್ನೆ ದುಡ್ಡು ಖರ್ಚು ಎಂದೇ ನನಗನ್ನಿಸುತ್ತದೆ.

ಈಗ ಶೆಡ್ಡಿನ ಮಾತು. ಗೂಡು ಬೇಯಿಸುವಾಗ ಸೆರಿಸಿನ್ ಅಂಶ ನೀರಿಗೆ ಬಿಡುತ್ತದೆ. ಒಳಗಿನ ಹುಳುವಿನ ಪ್ರೋಟೀನುಗಳೂ ಬಿಡುತ್ತವೆ. ಕುದಿಯುವ ನೀರಿನಿಂದ ಸಿಡಿಯುವ ತುಂತುರು ಹನಿಗಳ ಜೊತೆ ಇವು ಗಾಳಿಗೆ ಸೇರುತ್ತವೆ, ಒಣಗಿದ ಮೇಲೆ ಧೂಳಾಗುತ್ತವೆ. ದಿನವೂ ಉಸಿರಾಡುವವರಲ್ಲಿ ಕೆಲವರ ಮೈ ಇದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ಗುರುತಿಡುವುದು ಐಜಿಇ ಎಂಬ ಪ್ರತಿಕಾಯ (ಆಂಟಿಬಾಡಿ). ಅದೂ ಒಂದು ಪ್ರೋಟೀನ್, 1960ರ ದಶಕದ ಕೊನೆಯಲ್ಲಷ್ಟೇ ಪತ್ತೆಯಾದದ್ದು. ಒಮ್ಮೆ ಐಜಿಇ ತಯಾರಾಯಿತೆಂದರೆ, ಮುಂದಿನ ಸಲ ಸ್ವಲ್ಪ ಆವಿ ಒಳಹೋದರೂ ಸಾಕು. ಶ್ವಾಸನಾಳದ ಗೋಡೆಯ ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ, ನಾಳ ಬಿಗಿಯುತ್ತದೆ, ಎದೆಯಲ್ಲಿ ಕುಯ್ ಕುಯ್ ಶುರು.

ಇದು ಕೆಲಸಕ್ಕೆ ಸೇರಿದ ಮೊದಲ ದಿನ ಬರುವುದಿಲ್ಲ. ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಹಾಗಾಗಿಯೇ 'ಇಷ್ಟು ವರ್ಷ ಇಲ್ಲದ್ದು ಈಗ ಗೂಡಿನಿಂದ ಹೇಗೆ ಬಂತು' ಎಂದು ಜನ ನಂಬುವುದಿಲ್ಲ. ಚಳಿ, ವಯಸ್ಸು, ಸೌದೆಯ ಹೊಗೆ ಎನ್ನುತ್ತಾರೆ. ಹೊಗೆಯ ಪಾಲೂ ಇದೆ, ನಿಜ. ಆದರೆ 1985ರಷ್ಟು ಹಿಂದೆಯೇ ಬೆಂಗಳೂರಿನ ಸಂಶೋಧಕರು ರೇಷ್ಮೆ ಫಿಲೇಚರ್‌ಗಳ (ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ) ಕೆಲಸಗಾರರನ್ನು ಪರೀಕ್ಷಿಸಿ, ಇಲ್ಲಿ ಕೆಲಸದಿಂದಲೇ ಬರುವ ಆಸ್ತಮಾ ಇದೆ ಎಂದು ಪ್ರಕಟಿಸಿದ್ದರು. ಆಮೇಲೆ ಶ್ರೀಲಂಕಾದಲ್ಲೂ ಅಂಥದ್ದೇ ಅಧ್ಯಯನ ನಡೆಯಿತು. 2009ರಲ್ಲಿ ಚೀನಾದ ವಿಜ್ಞಾನಿಗಳು ಹುಳುವಿನ ಆರ್ಜಿನಿನ್ ಕೈನೇಸ್ ಎಂಬ ಪ್ರೋಟೀನ್ ಅಲರ್ಜಿಗೆ ಕಾರಣ ಎಂದು ಹೆಸರು ಹಿಡಿದೇ ಹೇಳಿದರು. ಜಿರಲೆಯಲ್ಲೂ ಇದನ್ನು ಹೋಲುವ ಪ್ರೋಟೀನ್ ಇದೆ. ಹಾಗಾಗಿ ಒಂದಕ್ಕೆ ಅಲರ್ಜಿ ಇದ್ದವರ ಮೈ ಇನ್ನೊಂದಕ್ಕೂ ಕೆರಳಬಹುದು. ಬಿತ್ತನೆ ಕೋಠಿಯಲ್ಲಿ ದುಡಿಯುವವರಿಗೆ ಚಿಟ್ಟೆಯ ರೆಕ್ಕೆಪುಡಿಯ ಕಾಟ ಬೇರೆ.

ಅಂದರೆ ಕಾರಣ ಗೊತ್ತಾಗಿ ನಾಲ್ಕು ದಶಕವಾಯಿತು. ಅಷ್ಟು ಹೊತ್ತಿಗೆ ಅದೇ ಹುಳುವಿನ ಲೋಕದಿಂದ ಲಸಿಕೆ ಬಂತು, ಗಾಯದ ಪಟ್ಟಿ ಬಂತು. ರೀಲರ್‌ಗಳ ಪುಪ್ಪುಸವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದು ಮಾತ್ರ ರೂಢಿಯಾಗಲಿಲ್ಲ. ಸಣ್ಣ ಘಟಕಗಳೆಂದರೆ ಹೆಚ್ಚಾಗಿ ಮನೆಗೆ ಅಂಟಿದ ಶೆಡ್ಡು. ಕಾರ್ಖಾನೆ ಕಾನೂನು ಅಲ್ಲಿಗೆ ತಲುಪುವುದು ಅಪರೂಪ. ಹೆಣ್ಣುಮಕ್ಕಳು ದಮ್ಮು ಜಾಸ್ತಿಯಾದಾಗ ಹೇಳದೆ ಕೇಳದೆ ಕೆಲಸ ಬಿಡುತ್ತಾರೆ. ಬಿಟ್ಟವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಪ್ರತಿ ಲಾಟಿನ ತೂಕ, ದರ ಬರೆದಿಡುವ ನಮಗೆ ಇದೊಂದು ಲೆಕ್ಕ ಇಡುವುದು ಕಷ್ಟವಲ್ಲ.

ದುಡಿಯುವವರು ಇವತ್ತೇ ಮಾಡಬಹುದಾದ್ದೂ ಇದೆ. ವೈದ್ಯರ ಹತ್ತಿರ ಹೋದಾಗ 'ಗೂಡು ಬಿಚ್ಚುವ ಕೆಲಸ' ಎಂದು ಕೇಳದಿದ್ದರೂ ಹೇಳಬೇಕು. ರೇಷ್ಮೆಗೆ ಐಜಿಇ ಇದೆಯೇ ಎಂದು ನೋಡುವ ರಕ್ತಪರೀಕ್ಷೆ ಇದೆ. ಅದಕ್ಕಿಂತ ಸುಲಭದ್ದು ಪೀಕ್ ಫ್ಲೋ ಮೀಟರ್. ಕೈಯಲ್ಲಿ ಹಿಡಿದು ಜೋರಾಗಿ ಊದುವ ಸಣ್ಣ ಕೊಳವೆ. ಬೆಳಗ್ಗೆ, ಸಂಜೆ ಊದಿ ಅಂಕಿ ಬರೆದಿಟ್ಟರೆ ಆಯಿತು. ಕೆಲಸದ ದಿನಗಳಲ್ಲಿ ಅಂಕಿ ಇಳಿದು, ರಜೆಯಲ್ಲಿ ಮತ್ತೆ ಏರುತ್ತಿದ್ದರೆ ಅದು ಕೆಲಸದ ಆಸ್ತಮಾದ ಗುರುತು. ಮಾಲೀಕರು ಗೂಡು ಬೇಯಿಸುವ ಜಾಗವನ್ನು ಎಳೆ ತೆಗೆಯುವ ಜಾಗದಿಂದ ಬೇರೆ ಮಾಡಿ, ಆವಿಯನ್ನು ಮೇಲಿಂದಲೇ ಹೊರಗೆಳೆಯುವ ಫ್ಯಾನ್ ಹಾಕಿಸಬೇಕು. ಸತ್ತ ಹುಳುಗಳನ್ನು ಶೆಡ್ಡಿನೊಳಗೆ ಒಣಗಲು ಬಿಡಬಾರದು. ತಡಮಾಡುವುದು ಇಲ್ಲಿ ದುಬಾರಿ. ಶುರುವಿನಲ್ಲೇ ಆವಿಯಿಂದ ದೂರ ಸರಿದವರಿಗೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ದಮ್ಮು ಕಟ್ಟುತ್ತಲೇ ವರ್ಷಗಟ್ಟಲೆ ದುಡಿದವರಲ್ಲಿ, ಕೆಲಸ ಬಿಟ್ಟ ಮೇಲೂ ಆಸ್ತಮಾ ಉಳಿದುಬಿಡುವುದುಂಟು.