ಟ್ಯಾಕ್ಸ್ ಕಟ್ಟುವ ಮುಂಚೆ ನೂರಕ್ಕೆ ಉಳಿದದ್ದೆಷ್ಟು?

ಕಂಪನಿಯವರು "ಈ ವರ್ಷ ಲಾಭ ಜಾಸ್ತಿ" ಅಂದ ಕೂಡಲೇ ಷೇರು ಕೊಳ್ಳಲು ಓಡುವವರಿದ್ದಾರೆ. ಯಾವುದಕ್ಕೆ ಹೋಲಿಸಿ ಜಾಸ್ತಿ ಅಂತ ಕೇಳುವವರು ಕಡಿಮೆ.

ಗಂಗಾವತಿಯಲ್ಲಿ ಒಂದು ರೈಸ್ ಮಿಲ್ ಇದೆ ಅಂದುಕೊಳ್ಳಿ (ಮಿಲ್ಲೂ ಲೆಕ್ಕವೂ ಕಲ್ಪನೆಯದೇ). ಅಕ್ಕಿ, ನುಚ್ಚು, ತೌಡು ಮಾರಿ ವರ್ಷಕ್ಕೆ 50 ಕೋಟಿ ವಹಿವಾಟು. ಭತ್ತದ ದುಡ್ಡು, ಹಮಾಲಿ, ಕರೆಂಟ್ ಬಿಲ್, ಬ್ಯಾಂಕ್ ಬಡ್ಡಿ, ಯಂತ್ರದ ಸವಕಳಿ (ವರ್ಷವರ್ಷ ಸವೆಯುವುದಕ್ಕೆ ಹಾಕುವ ಖರ್ಚು) ಎಲ್ಲ ಕಳೆದು, ಆದಾಯ ತೆರಿಗೆ ಕಟ್ಟುವ ಮುಂಚೆ ಉಳಿದದ್ದು 1 ಕೋಟಿ. ನೂರಕ್ಕೆ 2 ರೂಪಾಯಿ. ತೆರಿಗೆಪೂರ್ವ ಲಾಭದ ಮಾರ್ಜಿನ್ ಅನ್ನುವುದು ಇದಕ್ಕೇ. ಮರುವರ್ಷ ಸಾಲ ಮಾಡಿ ಹೊಸ ಸಾರ್ಟೆಕ್ಸ್ ಯಂತ್ರ (ಬಣ್ಣ ನೋಡಿ ಕೆಟ್ಟ ಅಕ್ಕಿ ಆರಿಸುವ ಯಂತ್ರ) ಹಾಕಿಸಿದರು. ವಹಿವಾಟು 60 ಕೋಟಿಗೆ ಏರಿತು, ಲಾಭ 1 ಕೋಟಿ 2 ಲಕ್ಷ. ಲಾಭ ಹೆಚ್ಚಿದ್ದು ನಿಜ, ಆದರೆ ನೂರಕ್ಕೆ ಉಳಿದದ್ದು 1.70 ರೂಪಾಯಿ ಮಾತ್ರ. ಯಂತ್ರದ ಬಡ್ಡಿ, ಸವಕಳಿ ಅದನ್ನು ತಿಂದಿವೆ. ಇದೇ ಮಿಲ್ಲಿಗೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬಿಡದ ವರ್ಷ ಬಂದರೆ? ಭತ್ತ ಬರುವುದು ಕಡಿಮೆ, ಬ್ಯಾಂಕಿನವರು ಮಾತ್ರ ಬಡ್ಡಿ ಬಿಡುವುದಿಲ್ಲ ಅಲ್ವಾ. ಅದಕ್ಕೇ ಒಂದು ವರ್ಷದ ಅಂಕಿ ಸಾಲದು, ಎಂಟು ಹತ್ತು ವರ್ಷದ್ದನ್ನು ಸಾಲಾಗಿ ಬರೆದು ನೋಡಬೇಕು.

ತೆರಿಗೆ ಕಟ್ಟಿದ ಮೇಲೆ ಕೈಗೆ ಬರುವ ಲಾಭವನ್ನೇ ಯಾಕೆ ನೋಡಬಾರದು? ತೆರಿಗೆ ದರ ಸರ್ಕಾರದ ಕೈಯಲ್ಲಿದೆ, ಅದಕ್ಕೆ. 2019ರ ಸೆಪ್ಟೆಂಬರ್‌ವರೆಗೆ ದೊಡ್ಡ ಕಂಪನಿಗಳು ಸರ್ಚಾರ್ಜು, ಸೆಸ್ಸು ಸೇರಿ ಸುಮಾರು ಶೇ 35ರಷ್ಟು ತೆರಿಗೆ ಕಟ್ಟಬೇಕಿತ್ತು. ಆಮೇಲೆ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಅದು ಶೇ 25.17ಕ್ಕೆ ಇಳಿಯಿತು. ನೂರು ರೂಪಾಯಿ ಲಾಭದಲ್ಲಿ ಮುಂಚೆ 65 ಉಳಿಯುತ್ತಿತ್ತು, ಈಗ ಸುಮಾರು 75. ಒಂದು ಮೂಟೆಯೂ ಹೆಚ್ಚಿಗೆ ಮಾರದೆ ಸುಮ್ನೆ ಕೂತಲ್ಲೇ ಶೇ 15ರಷ್ಟು ಏರಿಕೆ! ಹಳೇ ವರ್ಷಗಳ ಜೊತೆ ಹೋಲಿಸುವವರು ಇದನ್ನು ಆಡಳಿತದ ಜಾಣತನ ಅಂತ ಓದಿದರೆ ಕೆಟ್ಟರು.

ತೆರಿಗೆಪೂರ್ವ ಮಾರ್ಜಿನ್‌ನಲ್ಲೂ ಗುಂಡಿಗಳಿವೆ. 2017ರ ಜುಲೈಗೆ ಮುಂಚೆ ಕಂಪನಿಗಳು ಅಬಕಾರಿ ಸುಂಕವನ್ನೂ (ಕಾರ್ಖಾನೆಯಲ್ಲಿ ತಯಾರಾದ ಸರಕಿನ ಮೇಲಿನ ಎಕ್ಸೈಸ್ ತೆರಿಗೆ) ಸೇರಿಸಿ ಮಾರಾಟ ತೋರಿಸುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ತೆರಿಗೆ ಬಿಟ್ಟು ತೋರಿಸುತ್ತವೆ. ಹಿಂದೆ 112.50 ಅಂತ ಬರೆಯುತ್ತಿದ್ದ ಉಕ್ಕಿನ ಮಾರಾಟ ಈಗ 100. ಲಾಭ ಅದೇ 10 ರೂಪಾಯಿ ಇದ್ದರೂ ಮಾರ್ಜಿನ್ ಶೇ 8.9ರಿಂದ ಶೇ 10ಕ್ಕೆ ಜಿಗಿಯುತ್ತದೆ. ಭಾಗಿಸುವ ಅಂಕಿಯೇ ಕುಗ್ಗಿದೆ, ಅಷ್ಟೇ.

ನಮ್ಮ ಕಡೆಯ ದೊಡ್ಡ ಕಾರ್ಖಾನೆಗಳನ್ನು ನೋಡುವಾಗ ಇನ್ನೂ ಹುಷಾರಾಗಿರಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ದರ ಜಗತ್ತಿನ ಬೆಲೆಯ ಜೊತೆಗೇ ಏರುತ್ತದೆ, ಇಳಿಯುತ್ತದೆ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹಲವು ಬಗೆಯ ಉಕ್ಕಿನ ರಫ್ತಿಗೆ ಶೇ 15 ಸುಂಕ ಹಾಕಿತು, ನವೆಂಬರ್‌ನಲ್ಲಿ ತೆಗೆಯಿತು. ಇಂಥ ವರ್ಷದ ಮಾರ್ಜಿನ್ ಬಿದ್ದಿದ್ದರೆ ಕಾರ್ಖಾನೆಯನ್ನಷ್ಟೇ ದೂರಬೇಡಿ. ಹಟ್ಟಿಯ ಚಿನ್ನದ ಗಣಿಯಲ್ಲಿ ಮಾರ್ಜಿನ್ ಏರಿದರೂ ಇದೇ ಮಾತು, ಗಣಿಯನ್ನಷ್ಟೇ ಹೊಗಳಬೇಡಿ. ಅದೇ ಅದಿರು, ಅದೇ ಆಳ, ಪೇಟೆಯಲ್ಲಿ ಚಿನ್ನದ ದರ ಏರಿದರೆ ಮಾರ್ಜಿನ್ ತಾನಾಗೇ ಉಬ್ಬುತ್ತದೆ. ಗಣಿಯ ಮಾರ್ಜಿನ್ನನ್ನು ಗಂಗಾವತಿ ಮಿಲ್ಲಿನ 2 ರೂಪಾಯಿ ಪಕ್ಕ ಇಟ್ಟು ಮಿಲ್ಲು ದಂಡ ಅನ್ನುವುದಂತೂ ಶುದ್ಧ ತಪ್ಪು. ಅಕ್ಕಿ ವ್ಯಾಪಾರ ನಡೆಯುವುದೇ ಕಡಿಮೆ ಮಾರ್ಜಿನ್, ಜಾಸ್ತಿ ಸರಕಿನ ಮೇಲೆ.

ಹತ್ತು ವರ್ಷದ ಸಾಲಿನಲ್ಲಿ ಒಂದೇ ಒಂದು ವರ್ಷ ಥಟ್ಟನೆ ಎದ್ದು ಕಂಡರೆ, ಲಾಭ ನಷ್ಟದ ಪಟ್ಟಿಯಲ್ಲಿ 'ಇತರ ಆದಾಯ' ಮತ್ತು 'ಅಸಾಧಾರಣ ಬಾಬತ್ತು' ಅನ್ನುವ ಎರಡು ಸಾಲು ಹುಡುಕಿ. ಆ ವರ್ಷ ಹಳೇ ಗೋಡೌನ್ ಜಾಗ ಮಾರಿದ್ದರೆ ಅದರ ಲಾಭ ಅಲ್ಲೇ ಸಿಗುತ್ತದೆ. ಆ ಲಾಭ ತೆಗೆದು ಮತ್ತೆ ಭಾಗಿಸಿ.